ಎಲೆಯ ಮೇಲೆ ಏನೋ ಬೆಳೆದಿದೆ: ಔಷಧ ಹೊಡೆಯುವ ಮುಂಚೆ ನೋಡಬೇಕಾದದ್ದು

ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಮೊಬೈಲ್‌ಗೆ ಎಲೆಗಳ ಫೋಟೊ ಬರಲು ಶುರುವಾಗುತ್ತವೆ. ಮಾವಿನ ಎಲೆ, ಪೇರಲ ಎಲೆ, ನಿಂಬೆ ಎಲೆ, ಬಾಲ್ಕನಿಯಲ್ಲಿಟ್ಟ ಕ್ರೋಟನ್ ಎಲೆ. ಕೆಳಗೆ ಒಂದೇ ಸಾಲು: "ಅಣ್ಣಾ, ಎಲಿ ಮ್ಯಾಲ ಏನೋ ಬೆಳದದ ನೋಡ್ರಿ, ಏನ್ ಹೊಡೀಬೇಕು?" ಏನು ಹೊಡೆಯಬೇಕು ಅನ್ನುವುದು ಆಮೇಲಿನ ಮಾತು. ಎಲೆಯ ಮೇಲಿರುವುದು ಗಿಡವೋ, ಬೂಷ್ಟೋ, ಹುಳುವೋ, ಬರೀ ಸುಣ್ಣದ ಕಲೆಯೋ ಅಂತ ತಿಳಿಯದೆ ಅಂಗಡಿಯವರು ಕೊಟ್ಟ ಡಬ್ಬಿ ಬಿಚ್ಚಿದರೆ ದುಡ್ಡೂ ಹೋಗುತ್ತದೆ, ಎಷ್ಟೋ ಸಲ ಎಲೆಯೂ ಸುಡುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಈ ಗೊಂದಲ ಜಾಸ್ತಿ. ಯಾಕೆಂದರೆ ನಮ್ಮ ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಹೇಳುವುದೆಲ್ಲ ಮಲೆನಾಡಿನ ಅಥವಾ ಕೇರಳದ ತೋಟಗಳ ಮಾತು. ಅಲ್ಲಿ ಎಲೆ ಮೇಲೆ ಗಿಡ ಬೆಳೆಯುವುದು ದಿನನಿತ್ಯದ ಸಂಗತಿ. ನಮ್ಮಲ್ಲಿ ಅದು ಬೆಳೆದಿದೆ ಅಂದರೆ ಅದಕ್ಕೆ ಬೇರೆಯದೇ ಕಾರಣ ಇರುತ್ತದೆ, ಮತ್ತು ಆ ಕಾರಣ ಹೆಚ್ಚಾಗಿ ನಮ್ಮ ನೀರಿನ ಪೈಪಿನ ತುದಿಯಲ್ಲೇ ಇರುತ್ತದೆ.

ಮೊದಲು ಇಷ್ಟು ತಿಳಿದಿರಲಿ

ಒಂದು ಗಿಡದ ಎಲೆಯನ್ನೇ ನೆಲ ಮಾಡಿಕೊಂಡು ಇನ್ನೊಂದು ಗಿಡ ಬದುಕುವುದು ನಿಜ. ಆಗುಂಬೆ, ಕುದುರೆಮುಖದ ಕಡೆಯ ದಟ್ಟ ಕಾಡಿನಲ್ಲಿ ಕೆಳಗಿನ ಗಿಡಗಳ ಎಲೆ ನೋಡಿ. ಸಣ್ಣ ಪಾಚಿ, ಕಲ್ಲುಹೂವಿನ ಜಾತಿಯ ಬಿಳಿ ಬೂದು ಮಚ್ಚೆ, ಹಾವಸೆ (ಇಂಗ್ಲಿಷಿನಲ್ಲಿ ಮಾಸ್), ಹಾವಸೆಯ ನೆಂಟನಾದ ಲಿವರ್‌ವರ್ಟ್, ಎಲ್ಲವೂ ಒಂದೇ ಎಲೆಯ ಮೇಲೆ ಸಿಗುತ್ತವೆ. ಇವುಗಳಲ್ಲಿ ಲಿವರ್‌ವರ್ಟ್‌ಗಳದೇ ಹೆಚ್ಚುಗಾರಿಕೆ. ಅದರಲ್ಲೂ ಲೆಜೂನಿಯೇಸಿ ಎಂಬ ಕುಟುಂಬದವು. ಇವು ಕೂದಲಿನಂಥ ಎಳೆಗಳಿಂದ ಎಲೆಯನ್ನು ಕಚ್ಚಿ ಹಿಡಿಯುತ್ತವೆ. ಚಪ್ಪಟೆ ಬಿಲ್ಲೆಯಂಥ ಮರಿಗಳನ್ನು ಉದುರಿಸಿ, ಆ ಬಿಲ್ಲೆ ಮಳೆನೀರಿನೊಂದಿಗೆ ಜಾರಿ ಪಕ್ಕದ ಎಲೆಗೆ ಅಂಟಿಕೊಂಡು ಮತ್ತೆ ಬೆಳೆಯುತ್ತವೆ.

ಇವು ಆಶ್ರಯ ಕೊಟ್ಟ ಎಲೆಯ ರಸ ಹೀರುವುದಿಲ್ಲ. ಬಿಸಿಲು ಗಾಳಿಯಿಂದ ತಮ್ಮ ಅನ್ನ ತಾವೇ ಮಾಡಿಕೊಳ್ಳುತ್ತವೆ. ಎಲೆಗೆ ಆಗುವ ನಷ್ಟ ಅಂದರೆ ಬಿಸಿಲಿಗೆ ಅಡ್ಡ ಬರುವುದು ಮತ್ತು ತೇವ ಹಿಡಿದಿಟ್ಟುಕೊಳ್ಳುವುದು. ಲಾಭವೂ ಇರಬಹುದು, ಎಲೆ ಮೇಲೆ ಕೂತ ಕೆಲವು ನೀಲಿ ಹಸಿರು ಪಾಚಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಮಳೆಕಾಡಿನ ಎಷ್ಟೋ ಎಲೆಗಳ ತುದಿ ಬಾಲದ ಹಾಗೆ ಉದ್ದ ಇರುವುದನ್ನು ನೋಡಿರುತ್ತೀರಿ. ನಮ್ಮೂರ ಅರಳಿ ಎಲೆಯಲ್ಲೂ ಅಂಥ ತುದಿ ಇದೆ. ಅದರಿಂದ ನೀರು ಬೇಗ ಜಾರಿಹೋಗಿ ಎಲೆ ಬೇಗ ಒಣಗುತ್ತದೆ, ಮೇಲೆ ಏನಾದರೂ ಬೇರೂರುವುದಕ್ಕೆ ಹೊತ್ತು ಸಿಗುವುದಿಲ್ಲ ಅನ್ನುವುದು ಒಂದು ವಿವರಣೆ.

ಎಲೆ ಮೇಲೆ ಗಿಡ ನಿಲ್ಲಬೇಕಾದರೆ ಎರಡು ಬೇಕು. ಎಲೆ ತುಂಬ ದಿನ ಉದುರದೆ ಇರಬೇಕು, ದಿನದಲ್ಲಿ ತುಂಬ ಹೊತ್ತು ಒದ್ದೆಯಾಗಿರಬೇಕು. ನಮ್ಮ ಕಡೆ ಎರಡೂ ಕಷ್ಟ. ಚಿಂಚೋಳಿ ವನ್ಯಧಾಮದ ಕಾಡಿನಲ್ಲಿ ಬೇಸಿಗೆಗೆ ಮುಂಚೆಯೇ ಎಲೆ ಉದುರಿ ಮರ ಬೋಳಾಗುತ್ತದೆ, ಮೇಲೆ ಕೂರುವ ಪಾಚಿಗೆ ಕಾಲವೇ ಸಿಗುವುದಿಲ್ಲ. ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆಮೇಲೆ ಗಾಳಿ ಒಣ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇಂಥ ಕಡೆ ನಿಮ್ಮ ಗಿಡದ ಎಲೆ ಮೇಲೆ ನಿಜವಾಗಿಯೂ ಪಾಚಿಯೋ ಹಾವಸೆಯೋ ಬೆಳೆದಿದ್ದರೆ, ಆ ಎಲೆ ಒಣಗದೆ ಉಳಿಯುತ್ತಿದೆ ಅಂತಲೇ ಅರ್ಥ. ಪಾಚಿಯನ್ನು ಕೊಲ್ಲುವುದಕ್ಕಿಂತ ಎಲೆ ಯಾಕೆ ಒಣಗುತ್ತಿಲ್ಲ ಅಂತ ಹುಡುಕುವುದೇ ದೊಡ್ಡ ಕೆಲಸ. ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ.

ಎಲೆ ಕಿತ್ತು ಕೈಯಲ್ಲಿ ಹಿಡಿದು ನೋಡಿ

ಫೋಟೊ ನೋಡಿ ಹೇಳುವುದು ಕಷ್ಟ. ಕೆಟ್ಟ ಎಲೆ ಒಂದು, ಚೆನ್ನಾಗಿರುವ ಎಲೆ ಒಂದು, ಎರಡನ್ನೂ ಕಿತ್ತುಕೊಂಡು ಬೆಳಕಿಗೆ ಬನ್ನಿ. ಒದ್ದೆ ಬಟ್ಟೆ, ಒಂದು ಚಮಚ ವಿನೆಗರ್ ಅಥವಾ ನಿಂಬೆರಸ, ಸಾಧ್ಯವಾದರೆ ಭೂತಗನ್ನಡಿ, ಇಷ್ಟು ಇದ್ದರೆ ಸಾಕು.

ಮೊದಲಿಗೆ ನೋಡಬೇಕಾದದ್ದು ಎಲೆಯ ವಯಸ್ಸು. ಇದನ್ನು ಯಾರೂ ನೋಡುವುದಿಲ್ಲ, ಆದರೆ ಅರ್ಧ ಉತ್ತರ ಇಲ್ಲೇ ಇದೆ. ಟೊಂಗೆಯ ತುದಿಯ ಎಲೆ ಎಳೆಯದು, ಕೆಳಗಿನದು ಹಳೆಯದು. ಎಲೆ ಮೇಲೆ ಬೆಳೆಯುವ ಗಿಡಗಳು ನಿಧಾನದವು, ತಿಂಗಳುಗಟ್ಟಲೆ ಹಳೆಯದಾದ ಎಲೆಯಲ್ಲೇ ಕಾಣುತ್ತವೆ. ಹದಿನೈದು ದಿನದ ಹಿಂದೆ ಬಿಟ್ಟ ಚಿಗುರಿನ ಮೇಲೂ ಅದೇ ಕಲೆ ಇದ್ದರೆ ಅದು ಗಿಡ ಅಲ್ಲ. ಬೂಷ್ಟು, ಹುಳು, ದೂಳು ಅಥವಾ ಉಪ್ಪು.

ಆಮೇಲೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಪೂರ್ತಿ ಬಂದು ಕೆಳಗೆ ಹಸಿರು ಎಲೆ ಹಾಗೇ ಇದ್ದರೆ ಅದು ಮೇಲೆ ಕೂತದ್ದು ಅಷ್ಟೆ. ಬಟ್ಟೆ ಕಪ್ಪಾದರೆ ಮಸಿ ಬೂಷ್ಟು, ಹಸಿರಾದರೆ ಮೇಲ್ಮೈ ಪಾಚಿ, ಕಿತ್ತಳೆ ಪುಡಿ ಹತ್ತಿದರೆ ತುಕ್ಕು ರೋಗದ ಬೂಷ್ಟು. ಒರೆಸಿದರೂ ಬರದೆ, ಉಗುರಿನಿಂದ ಕೆರೆದರೆ ಎಲೆಯ ಸಿಪ್ಪೆಯೂ ಜೊತೆಗೆ ಬಂದರೆ, ಅದು ಎಲೆಯ ಹೊರ ಪದರದ ಕೆಳಗೆ ಹೊಕ್ಕಿದೆ.

ಬಿಳಿ ಕಲೆ ಇದ್ದರೆ ವಿನೆಗರ್ ಒಂದು ಹನಿ ಹಾಕಿ. ಸಣ್ಣ ಗುಳ್ಳೆ ಎದ್ದು ಕಲೆ ಕರಗಿದರೆ ಅದು ಸುಣ್ಣ. ನೋಡಿದ ಮೇಲೆ ಎಲೆ ತೊಳೆದುಬಿಡಿ, ಗಿಡದಲ್ಲಿರುವ ಎಲೆಗೆ ಹುಳಿ ಹಾಗೇ ಬಿಡಬೇಡಿ.

ಕೊನೆಗೆ ಎಲೆ ತಿರುಗಿಸಿ. ಹಿಂಬದಿ ನೋಡಿ, ಆಮೇಲೆ ಆ ಎಲೆಯ ನೆತ್ತಿಯ ಮೇಲೆ ಯಾವ ಟೊಂಗೆ ಇದೆಯೋ ಅದನ್ನೂ ನೋಡಿ. ಇರುವೆ ಸಾಲು ಇದೆಯಾ? ಎಲೆ ಜಿಗಿಯಾಗಿ ಅಂಟುತ್ತದಾ? ಇದ್ದರೆ ಮಸಿಯ ಭಾಗಕ್ಕೆ ನೇರ ಹೋಗಿ.

ಕೆಂಪು ಕಿತ್ತಳೆ ಚುಕ್ಕೆ

ಮಾವು, ಪೇರಲ, ಚಿಕ್ಕು, ನಿಂಬೆ. ಹಳೆಯ ಎಲೆಯ ಮೇಲೆ ದುಂಡಗೆ, ಸ್ವಲ್ಪ ಉಬ್ಬಿದ, ಮಖಮಲ್ ಬಟ್ಟೆಯ ಚೂರು ಅಂಟಿಸಿದ ಹಾಗಿರುವ ಕಿತ್ತಳೆ ಚುಕ್ಕೆ. ಇದನ್ನು ಕೆಂಪು ತುಕ್ಕು ಅಂತ ಕರೆಯುತ್ತಾರೆ, ಆದ್ದರಿಂದಲೇ ಜನ ಇದನ್ನು ತುಕ್ಕು ರೋಗದ ಬೂಷ್ಟು ಅಂದುಕೊಂಡು ಯಾವುದೋ ಬೂಷ್ಟಿನ ಔಷಧ ತರುತ್ತಾರೆ. ಇದು ಬೂಷ್ಟು ಅಲ್ಲ. ಸೆಫಲ್ಯೂರೋಸ್ ಎಂಬ ಹಸಿರು ಪಾಚಿ. ಹಸಿರು ಪಾಚಿ ಕಿತ್ತಳೆ ಯಾಕೆ ಕಾಣುತ್ತದೆ ಅಂದರೆ ಅದರೊಳಗೆ ಗಜ್ಜರಿಯಲ್ಲಿರುವಂಥ ಕ್ಯಾರೊಟಿನ್ ಬಣ್ಣ ತುಂಬಿಕೊಂಡಿರುತ್ತದೆ, ಹಸಿರನ್ನು ಅದು ಮುಚ್ಚಿಬಿಡುತ್ತದೆ. ಅಸ್ಸಾಮಿನ ಚಹಾ ತೋಟಗಳಿಗೆ ಕಾಟ ಕೊಡುವ ಕೆಂಪು ತುಕ್ಕು ಕೂಡ ಇದೇ ಕುಲದ ಪಾಚಿ.

ಎಲೆ ಮೇಲೆ ಬದುಕುವ ಉಳಿದ ಪಾಚಿಗಳು ಮೇಲ್ಮೈಯಲ್ಲಿ ಕೂರುತ್ತವೆ. ಇದು ಎಲೆಯ ಮೇಣದಂಥ ಹೊರ ಪದರದ ಕೆಳಗೆ ಹರಡುತ್ತದೆ. ಅನ್ನವನ್ನು ಬಿಸಿಲಿನಲ್ಲಿ ತಾನೇ ಮಾಡಿಕೊಂಡರೂ ಜಾಗ ಮಾಡಿಕೊಳ್ಳುವಾಗ ಕೆಳಗಿನ ಎಲೆಯ ಭಾಗ ಸಾಯುತ್ತದೆ. ಪೇರಲದಲ್ಲಿ ಕಾಯಿಯ ಸಿಪ್ಪೆ ಮೇಲೂ ಸಣ್ಣ ಕಪ್ಪು ಚುಕ್ಕೆ ಮಾಡುತ್ತದೆ, ಮಾರುಕಟ್ಟೆಗೆ ಒಯ್ದಾಗ ಬೆಲೆ ಬೀಳುವುದು ಅದರಿಂದ. ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕೆಯಿಂದ ಕಿತ್ತಳೆ ಕೂದಲು ನೆಟ್ಟಗೆ ಎದ್ದಿರುವುದು ಕಾಣುತ್ತದೆ. ಅವುಗಳ ತುದಿಯ ಬೀಜಚೀಲಗಳು ಗಾಳಿ, ಮಳೆಹನಿಯೊಂದಿಗೆ ಬೇರೆ ಎಲೆಗೆ ಹೋಗುತ್ತವೆ, ಅಲ್ಲಿ ನೀರು ಸಿಕ್ಕರೆ ಒಡೆದು ಒಳಗಿನ ಈಜುವ ಬೀಜಕಣಗಳು ಹೊರಬರುತ್ತವೆ. ಎಲೆ ಒಣಗಿದ್ದರೆ ಈಜುವುದಕ್ಕೆ ನೀರಿಲ್ಲ, ಕಥೆ ಅಲ್ಲಿಗೇ ನಿಂತಿತು.

ನಿಜವಾದ ತುಕ್ಕು ರೋಗದ ಜೊತೆ ಬೇರೆ ಮಾಡುವುದು ಸುಲಭ. ದೇವಕಣಗಿಲೆಯ ಎಲೆ ತಿರುಗಿಸಿ ನೋಡಿ, ಹಿಂಬದಿಯಲ್ಲಿ ಕಿತ್ತಳೆ ಪುಡಿ ಇರುತ್ತದೆ, ಬೆರಳಿಗೆ ಹತ್ತುತ್ತದೆ, ಎಳೆಯ ಎಲೆಗೂ ಬರುತ್ತದೆ. ಅದು ಬೂಷ್ಟು. ಪಾಚಿ ಚುಕ್ಕೆ ಹೆಚ್ಚಾಗಿ ಎಲೆಯ ಮೇಲ್ಬದಿಯಲ್ಲಿ, ಹಳೆಯ ಎಲೆಯಲ್ಲಿ, ಪುಡಿ ಉದುರದೆ ಇರುತ್ತದೆ. ಕೆಲವು ಸಲ ಈ ಕಿತ್ತಳೆ ಚುಕ್ಕೆಯೇ ಬರಬರುತ್ತ ಬೂದು ಬಿಳಿ ಬಣ್ಣಕ್ಕೆ ತಿರುಗುತ್ತದೆ. ಸ್ಟ್ರಿಗ್ಯುಲ ಎಂಬ ಬೂಷ್ಟು ಆ ಪಾಚಿಯ ಜೊತೆ ಸಂಸಾರ ಹೂಡಿ ಎರಡೂ ಸೇರಿ ಕಲ್ಲುಹೂವಿನ ಜಾತಿಯದಾಗುತ್ತವೆ. ಹೊಸ ರೋಗ ಬಂತು ಅಂತ ಗಾಬರಿ ಬೇಡ, ಅದೇ ಹಳೆಯ ಚುಕ್ಕೆ.

ಗಿಡ ಸೊರಗಿದ್ದರೆ ಈ ಪಾಚಿ ಬೇಗ ಹಬ್ಬುತ್ತದೆ. ನಮ್ಮ ಎರೆ ಭೂಮಿಯಲ್ಲಿ ಇದು ಮುಖ್ಯ. ಕಪ್ಪು ಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬಿಡುವುದೇ ಇಲ್ಲ, ಬುಡದಲ್ಲಿ ನೀರು ನಿಂತು ಬೇರು ಉಸಿರುಗಟ್ಟಿ ಮರ ಬಡವಾಗುತ್ತದೆ, ಚಿಗುರು ಕಡಿಮೆಯಾಗಿ ಹಳೆಯ ಎಲೆಯೇ ಹೆಚ್ಚಾಗಿ ಉಳಿಯುತ್ತದೆ. ಎಲೆಗೆ ಔಷಧ ಹೊಡೆಯುವ ಮುಂಚೆ ಬುಡದ ಸುತ್ತ ನೀರು ಹರಿದುಹೋಗುವ ಬಸಿಗಾಲುವೆ ತೆಗೆಯಿರಿ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಳಿಯುತ್ತದೆ, ಅಲ್ಲಿ ಈ ತೊಂದರೆ ಬಂದರೆ ಬುಡಕ್ಕಿಂತ ಮೇಲಿನ ನೆರಳನ್ನು ಅನುಮಾನಿಸಿ.

ಕಪ್ಪು ಮಸಿ

ನಮ್ಮ ಮೂರೂ ಜಿಲ್ಲೆಗಳಲ್ಲಿ "ಎಲಿ ಮ್ಯಾಲ ಪಾಚಿ" ಅಂತ ತೋರಿಸುವವರಲ್ಲಿ ಬಹಳ ಜನ ತೋರಿಸುವುದು ಇದನ್ನೇ. ಇದು ಪಾಚಿ ಅಲ್ಲ, ಮಸಿ ಬೂಷ್ಟು. ಇದು ಎಲೆಯೊಳಗೆ ಹೋಗುವುದೇ ಇಲ್ಲ. ಜಿಗಿಹುಳು, ಹೇನು, ಹಿಟ್ಟು ತಿಗಣೆ, ಬಿಳಿ ನೊಣ, ಶಲ್ಕ ಕೀಟ ಇವು ಎಲೆಯ ರಸ ಹೀರಿ ಹೆಚ್ಚಾದ ಸಕ್ಕರೆ ನೀರನ್ನು ಹಿಂದಿನಿಂದ ಬಿಡುತ್ತವೆ. ಅದು ಕೆಳಗಿನ ಎಲೆ ಮೇಲೆ ಬಿದ್ದು ಜಿಗಿಯಾಗುತ್ತದೆ, ಆ ಜಿಗಿಯ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಹೀಗಾಗಿ ಹುಳು ಇರುವ ಎಲೆ ಒಂದು, ಕಪ್ಪಾಗುವ ಎಲೆ ಇನ್ನೊಂದು. ಕಪ್ಪಾದ ಎಲೆಗೆ ಔಷಧ ಹೊಡೆಯುವವರಿಗೆ ಗುಣ ಕಾಣದೆ ಇರುವುದಕ್ಕೆ ಇದೇ ಕಾರಣ, ಹುಳು ಮೇಲಿನ ಟೊಂಗೆಯಲ್ಲಿ ಆರಾಮಾಗಿ ಕೂತಿರುತ್ತದೆ.

ಮಾವಿಗೆ ಹೂ ಬಿಡುವ ಕಾಲದಲ್ಲಿ ಜಿಗಿಹುಳು. ನಿಂಬೆ, ಕರಿಬೇವಿಗೆ ಹೇನು. ದಾಸವಾಳಕ್ಕೆ ಹಿಟ್ಟು ತಿಗಣೆ. ತೆಂಗು, ಬಾಳೆ, ಪೇರಲಕ್ಕೆ ಸುರುಳಿ ಬಿಳಿ ನೊಣ. ಎಲೆಯ ಹಿಂಬದಿಯಲ್ಲಿ ಬಿಳಿ ಮೇಣದ ಸುರುಳಿ ಕಂಡರೆ ಅದೇ. ಈ ಬಿಳಿ ನೊಣ ಹೊರದೇಶದ್ದು, ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ. ಇದಕ್ಕೆ ಎನ್‌ಕಾರ್ಸಿಯಾ ಎಂಬ ಸಣ್ಣ ಪರೋಪಜೀವಿ ಕಣಜ ಒಳ್ಳೆಯ ವೈರಿ. ಜೋರು ಕೀಟನಾಶಕ ಹೊಡೆದರೆ ಆ ಕಣಜ ಮೊದಲು ಸಾಯುತ್ತದೆ, ಬಿಳಿ ನೊಣ ಇನ್ನೂ ಹೆಚ್ಚಾಗುತ್ತದೆ. ದಯವಿಟ್ಟು ಇಲ್ಲಿ ಕೈ ತಡೆಯಿರಿ. ಜೋರಾಗಿ ನೀರು ಹಾಯಿಸಿ ಎಲೆಯ ಹಿಂಬದಿ ತೊಳೆಯಿರಿ, ಲೀಟರ್‌ಗೆ 5 ಮಿಲಿ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಚೆನ್ನಾಗಿ ಕಲಸಿ ಸಂಜೆ ಸಿಂಪಡಿಸಿ.

ಕೂತಿರುವ ಮಸಿ ತೆಗೆಯುವುದಕ್ಕೆ ಗಂಜಿ ಸಿಂಪಡಿಸುವ ಪದ್ಧತಿ ಇದೆ, ಖರ್ಚು ಕಡಿಮೆ, ಕೆಲಸ ಚೆನ್ನಾಗಿ ಮಾಡುತ್ತದೆ. 1 ಕಿಲೊ ಮೈದಾ 5 ಲೀಟರ್ ನೀರಿನಲ್ಲಿ ಕುದಿಸಿ, ಆರಿಸಿ, ಸೋಸಿ, 20 ಲೀಟರ್ ಆಗುವಷ್ಟು ನೀರು ಸೇರಿಸಿ. ಬಿಸಿಲು ಚುರುಕಾಗಿರುವ ದಿನ ಹೊಡೆಯಿರಿ. ಗಂಜಿ ಒಣಗಿ ಪೊರೆಯಾಗಿ ಏಳುವಾಗ ಮಸಿಯನ್ನೂ ಎತ್ತಿಕೊಂಡು ಉದುರುತ್ತದೆ. ಮೋಡದ ದಿನ ಮಾಡಿದರೆ ಗಂಜಿಯ ಮೇಲೆ ಇನ್ನೊಂದು ಬೂಷ್ಟು ಬರುತ್ತದೆ. ನಮ್ಮ ಬಿಸಿಲು ಈ ಒಂದು ಕೆಲಸಕ್ಕಂತೂ ಹೇಳಿ ಮಾಡಿಸಿದ್ದು.

ಬಿಳಿ ಕಲೆ

ಇಲ್ಲಿ ಮೂರು ದಾರಿ. ವಿನೆಗರ್‌ಗೆ ಕರಗಿದರೆ ಸುಣ್ಣ. ಸುಣ್ಣ ಎಲ್ಲಿಂದ ಬಂತು? ಕಲಬುರಗಿ, ಶಹಾಬಾದ್, ವಾಡಿ, ಸೇಡಂ ಕಡೆ ನೆಲದಡಿ ಸುಣ್ಣದ ಕಲ್ಲಿದೆ, ಮನೆಗೆ ಹಾಸುವ ಶಹಾಬಾದ್ ಪರಸಿಯೂ ಅದೇ ಕಲ್ಲು. ಅಂಥ ನೆಲದ ಬೋರ್‌ವೆಲ್ ನೀರು ಗಡಸು. ಎಲೆ ಮೇಲೆ ಆ ನೀರು ಚಿಮುಕಿಸಿದರೆ ನೀರು ಆರಿ ಸುಣ್ಣ ಉಳಿಯುತ್ತದೆ, ಹನಿಯ ಆಕಾರದಲ್ಲೇ ಕಲೆ ಕಾಣುತ್ತದೆ. ಬೇಸಿಗೆಯಲ್ಲಿ ಕಿಟಕಿಗೆ ಕೂಲರ್ ಇಟ್ಟವರ ಮನೆಯಲ್ಲಿ ಅದರ ತುಂತುರು ಬೀಳುವ ಕುಂಡಗಳಿಗೂ ಇದೇ ಕಲೆ. ಎಲೆಗೆ ನೀರು ಹಾಕುವುದು ಬಿಟ್ಟು ಬುಡಕ್ಕೆ ಹಾಕಿ, ಮಳೆನೀರು ಹಿಡಿದಿಟ್ಟಿದ್ದರೆ ಅದರಲ್ಲಿ ಒರೆಸಿ.

ಸಿಮೆಂಟ್ ಕಾರ್ಖಾನೆ, ಕಲ್ಲು ಪಾಲಿಶ್ ಘಟಕ, ಮಣ್ಣಿನ ರಸ್ತೆ ಹತ್ತಿರ ಇರುವ ತೋಟಗಳಲ್ಲಿ ಕಲೆ ಹನಿಯಾಕಾರ ಇರುವುದಿಲ್ಲ, ಎಲೆಯ ಮೇಲ್ಬದಿ ಪೂರ್ತಿ ಬೂದು ಪದರ. ಸಿಮೆಂಟ್ ದೂಳು ಇಬ್ಬನಿ ತಾಗಿದರೆ ಗಟ್ಟಿಯಾಗಿ ಚಕ್ಕೆ ಕಟ್ಟುತ್ತದೆ. ಗಟ್ಟಿಯಾದ ಮೇಲೆ ಕೆರೆದರೆ ಎಲೆ ಹರಿಯುತ್ತದೆ, ಹಾಗಾಗಿ ದೂಳು ಒಣಗಿರುವಾಗಲೇ ವಾರಕ್ಕೊಮ್ಮೆ ಜೋರು ನೀರಿನಿಂದ ಬೆಳಿಗ್ಗೆ ತೊಳೆಯುವುದು ಒಳ್ಳೆಯದು.

ಮೂರನೆಯದು ಬೂದಿ ರೋಗ. ಬಾರಿ, ಗುಲಾಬಿ, ಸೌತೆ, ಕುಂಬಳ, ಮಾವಿನ ಹೂಗೊಂಚಲು. ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ, ಎಳೆ ಎಲೆಗೂ ಬರುತ್ತದೆ, ವಿನೆಗರ್‌ಗೆ ಗುಳ್ಳೆ ಏಳುವುದಿಲ್ಲ. ಈ ಬೂಷ್ಟಿಗೆ ಎಲೆ ಒದ್ದೆಯಾಗಿರಲೇಬೇಕು ಅಂತಿಲ್ಲ, ಹಗಲು ಒಣ ಬಿಸಿಲು ರಾತ್ರಿ ತಂಪು ಇದ್ದರೆ ಸಾಕು, ಅದಕ್ಕೇ ನಮ್ಮ ಕಡೆ ಚಳಿಗಾಲದಲ್ಲಿ ಕಾಣುತ್ತದೆ. ನೀರಲ್ಲಿ ಕರಗುವ ಗಂಧಕದ ಪುಡಿ ಇದಕ್ಕೆ ಮದ್ದು. ಆದರೆ ಬಿಸಿಲು 35 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆ ಸುಡುತ್ತದೆ. ಸೌತೆ, ಕುಂಬಳದ ಜಾತಿಗೆ ಇನ್ನೂ ಎಚ್ಚರ ಬೇಕು.

ಹಸಿರು ಪದರ, ಹಾವಸೆ

ಇದು ನಿಜವಾದ ಎಲೆ ಮೇಲಿನ ಗಿಡ. ನಮ್ಮ ಕಡೆ ಇದು ಹೊಲದಲ್ಲಿ ಸಿಗುವುದು ಅಪರೂಪ, ಸಿಗುವುದು ನೆರಳು ಪರದೆಯ ಕೆಳಗೆ, ಮನೆಯ ಬಚ್ಚಲ ಪಕ್ಕದ ಅಲಂಕಾರದ ತಾಳೆ ಮೇಲೆ, ಎರಡು ಗೋಡೆಯ ನಡುವಿನ ಸಂದಿಯ ರಬ್ಬರ್ ಗಿಡದ ಮೇಲೆ. ಎಲೆಯ ಮೇಲ್ಬದಿ ಮಂಕು ಹಸಿರಾಗುತ್ತದೆ, ಒರೆಸಿದರೆ ಬಟ್ಟೆ ಹಸಿರಾಗುತ್ತದೆ, ಕೆಳಗೆ ಎಲೆ ಹೊಳೆಯುತ್ತದೆ.

ಗಿಡ ಕೊಂಡು ತಂದಾಗಲೇ ಇದ್ದಿತ್ತಾ ಅಂತ ನೆನಪು ಮಾಡಿಕೊಳ್ಳಿ. ನಮ್ಮೂರ ನರ್ಸರಿಗಳಿಗೆ ಅಲಂಕಾರದ ಗಿಡಗಳು ಆಂಧ್ರದ ಕಡಿಯಂ ಕಡೆಯಿಂದ ಲಾರಿಗಳಲ್ಲಿ ಬರುತ್ತವೆ. ಗೋದಾವರಿ ತೀರದ ತೇವದಲ್ಲಿ, ಪರದೆಯ ಕೆಳಗೆ ಬೆಳೆದ ಗಿಡದ ಹಳೆಯ ಎಲೆಯಲ್ಲಿ ಸ್ವಲ್ಪ ಪಾಚಿ ಇದ್ದರೆ ಅದು ದೋಷ ಅಲ್ಲ. ನಮ್ಮ ಗಾಳಿಗೆ ಬಂದ ಮೇಲೆ ಅದು ಒಣಗಿ ನಿಂತುಬಿಡುತ್ತದೆ. ಹೊಸ ಎಲೆ ಶುದ್ಧವಾಗಿ ಬರುತ್ತಿದ್ದರೆ ಏನೂ ಮಾಡಬೇಡಿ. ಮಲೆನಾಡಿನ ಪ್ರವಾಸದಿಂದ ತಂದ ಸಸಿಯ ಹಾವಸೆಯೂ ಅಷ್ಟೆ. ಒಣಗಿದ ಲಿವರ್‌ವರ್ಟ್ ಮಳೆ ಬಂದಾಗ ಮತ್ತೆ ಸ್ವಲ್ಪ ಹಸಿರಾಗಬಹುದು, ಅದರಿಂದ ನಿಮ್ಮ ತೋಟಕ್ಕೆ ರೋಗ ಹರಡುವುದಿಲ್ಲ.

ಆದರೆ ಇಲ್ಲಿಗೆ ಬಂದ ಮೇಲೆ ಬಿಟ್ಟ ಎಲೆಯಲ್ಲೂ ಹಸಿರು ಪದರ ಕಂಡರೆ ನಿಮ್ಮ ಜಾಗದಲ್ಲೇ ತೇವ ಜಾಸ್ತಿ ಇದೆ. ಮೆತ್ತನೆ ಬಟ್ಟೆ, ನೀರು, ಬೇಕಿದ್ದರೆ ಒಂದು ತೊಟ್ಟು ಸೋಪು ಹಾಕಿ ಒರೆಸಿ, ಸಾಕು. ಬ್ಲೀಚ್ ಬೇಡ. ಕೊಬ್ಬರಿ ಎಣ್ಣೆ ಹಚ್ಚಿ ಹೊಳಪು ತರಿಸುವ ಅಭ್ಯಾಸವೂ ಬೇಡ, ಎಲೆಯ ಉಸಿರಾಟದ ರಂಧ್ರ ಮುಚ್ಚುತ್ತದೆ, ಎಣ್ಣೆಗೆ ದೂಳು ಅಂಟುತ್ತದೆ, ಹದಿನೈದು ದಿನಕ್ಕೆ ಮತ್ತೆ ಅದೇ ಪ್ರಶ್ನೆ.

ಗಂಟು, ಮರಿ, ಬಳ್ಳಿ

ಹೊಂಗೆ ಎಲೆ ಮೇಲೆ ಬೆರಳಿನಂಥ ಹಸಿರು ಗಂಟು ಎದ್ದಿದ್ದರೆ ಅದು ಇನ್ನೊಂದು ಗಿಡ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಎಲೆಯನ್ನು ಕೆಣಕಿ, ಎಲೆಯೇ ತನ್ನ ಮೈಯಿಂದ ಕಟ್ಟಿಕೊಟ್ಟ ಮನೆ ಅದು. ರಸ್ತೆ ಬದಿಯ ಎಷ್ಟೋ ಹೊಂಗೆ ಮರಗಳಲ್ಲಿ ಕಾಣುತ್ತದೆ, ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ಕಾಡುಬಸಳೆಯ ಎಲೆ ಅಂಚಿನಲ್ಲಿ ಸಣ್ಣ ಸಸಿಗಳು ಬಂದರೆ ಅವು ಅದರದೇ ಮರಿಗಳು.

ಎಲೆ, ಟೊಂಗೆ ಎಲ್ಲ ಸೇರಿಸಿ ಹಳದಿ ದಾರದಂಥ ಬಳ್ಳಿ ಸುತ್ತಿದ್ದರೆ ಮಾತ್ರ ಅವಸರ ಮಾಡಿ. ಅದು ಕಸ್ಕುಟ. ಅದಕ್ಕೆ ನೆಲದಲ್ಲಿ ಬೇರಿಲ್ಲ, ಸುತ್ತಿದ ಗಿಡದೊಳಗೆ ಹೀರುಬೇರು ಇಳಿಸಿ ರಸ ಕುಡಿಯುತ್ತದೆ. ಎಲೆ ಮೇಲೆ ಸುಮ್ಮನೆ ಕೂರುವ ಪಾಚಿಗೂ ಇದಕ್ಕೂ ಇರುವ ಅಂತರ ಇದೇ. ಬಳ್ಳಿಯನ್ನು ಮಾತ್ರ ಎಳೆದು ತೆಗೆದರೆ ಉಳಿದ ಚೂರಿನಿಂದ ಮತ್ತೆ ಬರುತ್ತದೆ, ಸುತ್ತಿರುವ ಟೊಂಗೆಯನ್ನೇ ಕತ್ತರಿಸಿ, ಹೂ ಬಿಡುವ ಮುಂಚೆ ಸುಟ್ಟುಬಿಡಿ. ಕುದುರೆ ಮೆಂತ್ಯ ಬೆಳೆಯುವವರು ಬೀಜ ಕೊಳ್ಳುವಾಗಲೇ ಇದನ್ನು ನೋಡಬೇಕು. ಮಾವಿನ ಟೊಂಗೆಯಲ್ಲಿ ಬೇರೆ ಜಾತಿಯ ಎಲೆ ಗೊಂಚಲು ಕಂಡರೆ ಬದನಿಕೆ, ಅದೂ ರಸ ಹೀರುವುದೇ. ಅಂಟಿದ ಜಾಗಕ್ಕಿಂತ ಕೆಳಗೆ ಟೊಂಗೆ ಕಡಿಯಬೇಕು.

ಈಚಲು, ತಾಳೆ ಮರದ ಹಳೆಯ ಗರಿಯ ಬುಡದಲ್ಲಿ ಅರಳಿ, ಆಲ, ಅತ್ತಿ ಸಸಿ ಮೊಳೆಯುವುದು ನಮ್ಮ ಕಡೆ ಎಲ್ಲರೂ ನೋಡಿದ್ದೇ. ಹಕ್ಕಿ ಹಾಕಿದ ಬೀಜ, ಗರಿಯ ಬುಡದಲ್ಲಿ ಸೇರಿದ ಮಣ್ಣು ಮತ್ತು ತೇವ. ಮೊದಮೊದಲು ಅದು ಮರದಿಂದ ಏನೂ ತೆಗೆದುಕೊಳ್ಳುವುದಿಲ್ಲ, ಬೇರು ನೆಲ ಮುಟ್ಟಿದ ಮೇಲೆ ಮರವನ್ನೇ ಬಿಗಿಯುತ್ತದೆ. ಅರಳಿ ಅಂತ ಕೀಳಲು ಮನಸ್ಸು ಬರದಿದ್ದರೆ, ಬೇರು ಸಮೇತ ಬಿಡಿಸಿ ಕೆರೆ ದಂಡೆಯಲ್ಲೋ ಗುಡಿಯ ಬಯಲಲ್ಲೋ ನೆಡಿ, ಚೆನ್ನಾಗಿ ಬದುಕುತ್ತದೆ.

ನೀರು ಎಲ್ಲಿಂದ ಬರುತ್ತಿದೆ

ಕಿತ್ತಳೆ ಚುಕ್ಕೆ ಅಥವಾ ಹಸಿರು ಪದರ ಅಂತ ಖಚಿತ ಆದವರಿಗೆ ಈ ಭಾಗ. ಮಳೆ ಇಲ್ಲದ ಒಂದು ದಿನ ಬೆಳಿಗ್ಗೆ 7ಕ್ಕೆ, 9ಕ್ಕೆ, 10ಕ್ಕೆ ಗಿಡದ ಒಳಗಿನ ಎಲೆಯನ್ನು ಮುಟ್ಟಿ ನೋಡಿ. ಹೊರಗಿನ ಎಲೆ ಅಲ್ಲ, ಒಳಗಿನದು. ಹೊರಗಿನ ಎಲೆ ಬಿಸಿಲು ಬಿದ್ದ ತಕ್ಷಣ ಒಣಗಿರುತ್ತದೆ, ಅದನ್ನು ಮುಟ್ಟಿ ಎಲ್ಲ ಸರಿ ಇದೆ ಅಂದುಕೊಳ್ಳುವವರೇ ಹೆಚ್ಚು. 10 ಗಂಟೆಗೂ ಒಳಗಿನ ಎಲೆ ಒದ್ದೆ ಇದ್ದರೆ ಗಾಳಿ ಆಡುತ್ತಿಲ್ಲ.

ಸಂಜೆ ಪೈಪಿನಿಂದ ಮೇಲಿಂದ ನೀರು ಹೊಡೆಯುವುದು ಮೊದಲ ಕಾರಣ. ಬೇಸಿಗೆಯಲ್ಲಿ ಗಿಡಕ್ಕೆ ತಂಪಾಗಲಿ ಅಂತ ಪ್ರೀತಿಯಿಂದಲೇ ಮಾಡುತ್ತಾರೆ. ರಾತ್ರಿಯೆಲ್ಲ ಎಲೆ ಒದ್ದೆ ಇರುತ್ತದೆ. ನೀರು ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ. ಸ್ಪ್ರಿಂಕ್ಲರ್ ಇದ್ದರೆ ಹಣ್ಣಿನ ಗಿಡಗಳಿಗೆ ಹನಿ ನೀರಾವರಿಗೆ ಬದಲಾಯಿಸಿ. ನೆರಳು ಪರದೆ 75 ಪರ್ಸೆಂಟಿನದನ್ನು ಬೇಸಿಗೆಗೆ ಕಟ್ಟಿ ಮಳೆಗಾಲದಲ್ಲೂ ಹಾಗೇ ಬಿಡುವುದು ಇನ್ನೊಂದು ಕಾರಣ, ಜೂನ್‌ಗೆ ಬಿಚ್ಚಿಬಿಡಿ ಅಥವಾ 50 ಪರ್ಸೆಂಟಿನದು ಹಾಕಿ.

ಮಾವಿನ ತೋಪಿನಲ್ಲಿ ಮರ ಮರ ಕೂಡಿಕೊಂಡಿದ್ದರೆ ಕಾಯಿ ಇಳಿಸಿದ ಕೂಡಲೇ ಮಧ್ಯದ ಒಂದೆರಡು ಟೊಂಗೆ ತೆಗೆದು ನೆತ್ತಿಯಿಂದ ಬೆಳಕು ಬೀಳುವ ಹಾಗೆ ಮಾಡಿ. ಹಳೆಯ ಪದ್ಧತಿಯಲ್ಲಿ 10 ಮೀಟರ್ ಅಂತರ ಬಿಡುತ್ತಿದ್ದರು, ಈಗ 5 ಮೀಟರ್‌ಗೆ ನೆಡುವವರು ವರ್ಷವೂ ಸವರಲೇಬೇಕು. ಯಾದಗಿರಿ ಕಡೆ ಶಹಾಪುರ, ಸುರಪುರದ ನಾರಾಯಣಪುರ ಕಾಲುವೆ ನೀರಿನ ಭತ್ತದ ಗದ್ದೆಗಳ ಪಕ್ಕ ತೋಟ ಇರುವವರಿಗೆ ಸುತ್ತಲಿನ ಗಾಳಿಯೇ ತೇವ. ಗದ್ದೆಯನ್ನು ಬದಲಾಯಿಸಲು ಆಗುವುದಿಲ್ಲ, ಹಾಗಾಗಿ ಅಲ್ಲಿ ಟೊಂಗೆ ಸವರುವುದನ್ನು ಯಾವ ವರ್ಷವೂ ಬಿಡಬೇಡಿ.

ಔಷಧ ಬೇಕೇ ಬೇಕಾದರೆ

ಕೆಂಪು ತುಕ್ಕು ಪಾಚಿಗೆ ಮಾತ್ರ, ಅದೂ ಹಬ್ಬಿದ್ದರೆ ಮಾತ್ರ. ತಾಮ್ರದ ಔಷಧ ಕೆಲಸ ಮಾಡುತ್ತದೆ. ಕಾಪರ್ ಆಕ್ಸಿಕ್ಲೋರೈಡ್ ಲೀಟರ್‌ಗೆ 3 ಗ್ರಾಂ, ಅಥವಾ ಮನೆಯಲ್ಲೇ ಮಾಡಿದ 1 ಪರ್ಸೆಂಟ್ ಬೋರ್ಡೋ ದ್ರಾವಣ. 1 ಕಿಲೊ ಮೈಲುತುತ್ತ 50 ಲೀಟರ್ ನೀರಲ್ಲಿ, 1 ಕಿಲೊ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹಾಕಿ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಬಳಸಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಿ.

ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಮುತ್ತಿದ ಟೊಂಗೆಗಳನ್ನು ಕತ್ತರಿಸಿದ ಮೇಲೆ. ಚುಕ್ಕೆ ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಔಷಧ ಕೆಲಸ ಮಾಡಿತಾ ಅಂತ ಹೊಸ ಎಲೆ ನೋಡಿ ಹೇಳಬೇಕು, ಹಳೆಯ ಎಲೆ ನೋಡಿ ಮತ್ತೆ ಮತ್ತೆ ಹೊಡೆಯುವುದರಿಂದ ಮಣ್ಣಿಗೆ ತಾಮ್ರ ಸೇರುತ್ತದೆ ಅಷ್ಟೆ. ಕರಿಬೇವು, ತುಳಸಿ, ವೀಳ್ಯದೆಲೆಯಂಥ ಎಲೆಯನ್ನೇ ತಿನ್ನುವ ಗಿಡಗಳಿಗೆ ಮನೆಯಲ್ಲಿ ತಾಮ್ರ ಹೊಡೆಯಬೇಡಿ, ಕೆಟ್ಟ ಎಲೆ ಕಿತ್ತು ಹಾಕಿ. ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ಯಾವುದನ್ನೂ ಕಲಸಬೇಡಿ.

ಇಷ್ಟಾದರೂ ತಿಳಿಯದಿದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆ ಒಯ್ಯಿರಿ. ಕಲಬುರಗಿಯವರಿಗೆ ಆಳಂದ ರಸ್ತೆಯಲ್ಲಿದೆ, ಬೀದರ್‌ನವರಿಗೆ ಜನವಾಡದಲ್ಲಿ, ಯಾದಗಿರಿಯವರಿಗೆ ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ. ಬೀದರ್‌ನಲ್ಲಿ ತೋಟಗಾರಿಕೆ ಕಾಲೇಜೂ ಇದೆ. ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಬೆವರಿ ಕೊಳೆತು ದಾರಿಯಲ್ಲೇ ಬೇರೆ ಬೂಷ್ಟು ಬರುತ್ತದೆ. ಹಳೆ ಪೇಪರಿನ ಮಡಿಕೆಯಲ್ಲಿ ಇಡಿ. ಒಂದು ಎಲೆ ಸಾಲದು, ಎಳೆಯದು, ನಡುವಿನದು, ಹಳೆಯದು ಇರುವ ಗೇಣುದ್ದದ ಟೊಂಗೆಯನ್ನೇ ಒಯ್ಯಿರಿ. ಪೇಪರಿನ ಮೇಲೆ ಪೆನ್ನಿನಲ್ಲಿ ಬರೆಯಿರಿ: ಯಾವ ಮಣ್ಣು, ಯಾವ ನೀರು, ಎಷ್ಟು ಹೊತ್ತಿಗೆ ಹಾಕುತ್ತೀರಿ, ಬೆಳಿಗ್ಗೆ ಎಷ್ಟು ಗಂಟೆಗೆ ಒಳಗಿನ ಎಲೆ ಒಣಗುತ್ತದೆ, ಈಗಾಗಲೇ ಏನು ಹೊಡೆದಿದ್ದೀರಿ. ಹೊಡೆದದ್ದನ್ನು ಮುಚ್ಚಿಡಬೇಡಿ, ಔಷಧದಿಂದ ಸುಟ್ಟ ಕಲೆಯೂ ಒಂದು ಕಲೆಯೇ, ಅದನ್ನು ರೋಗದಿಂದ ಬೇರೆ ಮಾಡಿ ನೋಡಲು ಅವರಿಗೆ ಆ ಹೆಸರು ಬೇಕಾಗುತ್ತದೆ.